ಮೂರನೆಯ ರಾಡಿನ ಪಿನ್ನು

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯ ತಗಡಿನ ಶೆಡ್ಡಿನಲ್ಲಿ ಮಾಸುಂಬಿ ಮೂವತ್ತೆಂಟು ವರ್ಷದಿಂದ ಇಂಜಿನ್ನಿನ ಕೆಲಸ ಮಾಡುತ್ತಿದ್ದಾಳೆ. ಗಂಡ ಮೌಲಾಸಾಬ, ಮಿಲಿಟರಿಯವರು ಹರಾಜು ಹಾಕಿದ ಹಳೆಯ ಜೀಪುಗಳ ಇಂಜಿನ್ ಬಿಚ್ಚಿ ಕಟ್ಟುವುದರಲ್ಲಿ ಹೆಸರಾಗಿದ್ದವನು. ನಟ್ಟು ಬಿಗಿಯುವುದು ಅವನ ಕೆಲಸ. ಅದು ಸಡಿಲಾಗದಂತೆ ಬೋಲ್ಟಿನ ತೂತಿಗೆ ಪಿನ್ನು ತೂರಿಸಿ ಅದರ ತುದಿ ಅಗಲಿಸುವುದು ಇವಳದು. ಪಿಸ್ಟನ್ ಹಿಡಿದಿಡುವ ನಾಲ್ಕು ರಾಡಿಗೆ, ಒಂದಕ್ಕೆ ಎರಡರಂತೆ, ಎಂಟು ಪಿನ್ನು. ಓದು ಬಾರದವಳು ಡಬ್ಬಿಯ ಮುಚ್ಚಳದಲ್ಲಿ ಎಂಟು ಎಣಿಸಿಟ್ಟುಕೊಂಡು, ಮುಚ್ಚಳ ಖಾಲಿಯಾದ ಮೇಲೆಯೇ ಏಳುತ್ತಿದ್ದಳು.

ಹದಿನೇಳು ವರ್ಷದ ಹಿಂದೆ ತುರ್ವಿಹಾಳದ ಸೂಗಪ್ಪನ ಜೀಪು ಕಾಲುವೆಯ ಏರಿಯ ಮೇಲೆ ಓಡುತ್ತಿದ್ದಾಗ ಇಂಜಿನ್ನು ಒಮ್ಮೆಲೇ ಬಿಗಿದು ನಿಂತು, ಜೀಪು ನೀರಿಗೆ ಬಿತ್ತು. ಸೂಗಪ್ಪ ಉಳಿಯಲಿಲ್ಲ. ಈ ಶೆಡ್ಡಿನಿಂದ ಇಂಜಿನ್ನು ಕಟ್ಟಿ ಕಳಿಸಿ ಒಂಬತ್ತೇ ದಿನವಾಗಿತ್ತು. "ತಪ್ಪು ನನ್ನ ಕೈಲೆ ಆಗೈತಿ" ಎಂದು ಮೌಲಾಸಾಬ ಮಂದಿಯ ಮುಂದೆ ಒಪ್ಪಿಕೊಂಡ. ಏನು ತಪ್ಪೆಂದು ಸಾಯುವವರೆಗೂ ಹೇಳಲಿಲ್ಲ. ಅಂದಿನಿಂದ ಯಾವ ಇಂಜಿನ್ನು ಓಡಿದರೂ ಮಾಸುಂಬಿಗೆ ಒಳಗೊಂದು ಟಕ್ ಟಕ್ ಕೇಳುತ್ತದೆ. ಅವತ್ತು ಮುಚ್ಚಳ ಖಾಲಿಯಾಗಿತ್ತೋ ಇಲ್ಲವೋ, ಎಷ್ಟು ನೆನೆದರೂ ನೆನಪಾಗುತ್ತಿರಲಿಲ್ಲ.

ಹೋದ ಬೇಸಿಗೆಯಲ್ಲಿ ಸೂಗಪ್ಪನ ಮಗ ಸಂಗನಬಸವ, ಅಂದಿನಿಂದ ಯಾರೂ ಬಿಚ್ಚದೆ ಹಿತ್ತಲಲ್ಲಿ ನಿಂತಿದ್ದ ಅದೇ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದ.

"ಸಿಲಿಂಡರ್ ಕೊರಸಿ ದೊಡ್ಡ ಪಿಸ್ಟನ್ ಹಾಕು ಬೇ. ಸಿಂಧನೂರಾಗ ಕೇಳಿದ್ರ, ಇದನ್ನ ಗುಜರಿಗೆ ಹಾಕು ಅಂತಾರ."

"ನನ್ನ ಕಡಿಗೇ ತಂದ್ಯಲ್ಲೋ, ಹೆದರಿಕಿ ಬರಲಿಲ್ಲೇನು?"

"ಹೆದರಿಕಿ ನಿನಗ ಬಂದೈತಿ. ನಟ್ಟು ಬಿಚ್ಚೋ ಪಾನಾ ಉಲ್ಟಾ ಹಿಡದೀ, ನೋಡ್ಕೋ!"

ಅವಳು ಪಾನಾ ತಿರುಗಿಸಿ ಹಿಡಿದು ಜೀಪಿನ ಕೆಳಗೆ ನುಸುಳಿದಳು. ಇಂಜಿನ್ನಿನ ಎಣ್ಣೆ ತಟ್ಟೆ ಬಿಚ್ಚಿ, ಪಿನ್ನುಗಳನ್ನು ಬೆರಳಿನಿಂದಲೇ ಎಣಿಸಿದಳು. ಮೊದಲನೆಯ ರಾಡಿಗೆ ಎರಡು. ಎರಡನೆಯದಕ್ಕೆ ಎರಡು. ಸೊಟ್ಟಾಗಿದ್ದ ಮೂರನೆಯದಕ್ಕೆ ಒಂದು. ಅದರ ಇನ್ನೊಂದು ಬೋಲ್ಟಿಗೆ ನಟ್ಟೇ ಇರಲಿಲ್ಲ. ಪಿನ್ನಿನ ತೂತಿನಲ್ಲಿ ತುಂಡಾದ ತಾಮ್ರದ ತಂತಿ ಇತ್ತು. ಎಡಕ್ಕೆ ಹುರಿ ಮಾಡಿದ ತಂತಿ. ಮೌಲಾಸಾಬ ಎಡಚ.

ಮಾಸುಂಬಿ ಅಲ್ಲೇ ಕುಳಿತಳು. ಪಿನ್ನು ಬಿಟ್ಟವಳು ತಾನು. ಅವನು ನೋಡಿದ್ದ, ಕೈಗೆ ಸಿಕ್ಕ ತಂತಿ ಕಟ್ಟಿದ್ದ, ಬೈದಿರಲಿಲ್ಲ. ಮೆತ್ತಗಿನ ತಾಮ್ರ ಒಂಬತ್ತು ದಿನ ತಡೆದಿತ್ತು, ಆಮೇಲೆ ತುಂಡಾಗಿ ನಟ್ಟು ಕಳಚಿತ್ತು.

ಸಾಮಾನು ತೊಳೆಯುವ ಸೀಮೆಎಣ್ಣೆಯ ಬೋಗುಣಿಗೆ ಅದನ್ನು ಎಸೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವಳು ತಂತಿಯನ್ನು ಸಂಗನಬಸವನ ಅಂಗೈಯಲ್ಲಿಟ್ಟಳು.

"ಪಿನ್ನು ಬಿಟ್ಟಾಕಿ ನಾನಪ್ಪ. ತಂತಿ ಕಟ್ಟಿದಾಂವ ನನ್ನ ಗಂಡ. ಬೈಸ್ಕೊಂಡಾಂವನೂ ಅವನ."

ಅವನು ತಂತಿಯನ್ನು ಮುಷ್ಟಿಯಲ್ಲಿ ಹಿಡಿದು, ಟ್ರ್ಯಾಕ್ಟರ್ ಹತ್ತಿ ಹೋದ. ಮಾಸುಂಬಿ ಸಿಲಿಂಡರ್ ಕೊರೆಸಿ, ಹೊಸ ರಾಡು, ದೊಡ್ಡ ಪಿಸ್ಟನ್ ಕೂಡಿಸಿದಾಗಲೂ ಅವನು ಬರಲಿಲ್ಲ. ಪಿನ್ನು ಹಾಕುವುದನ್ನು ಮಾತ್ರ ಅವಳು ಉಳಿಸಿಕೊಂಡು, ನೀನೇ ಬಂದು ಎಣಿಸು ಎಂದು ಅವನಿಗೆ ಹೇಳಿಕಳಿಸಿದಳು.

ಹನ್ನೊಂದನೆಯ ದಿನ ಬಂದ. ಮುಚ್ಚಳ ಹಿಡಿದು ನೆಲದ ಮೇಲೆ ಕೂತು, ಒಂದೊಂದೇ ಪಿನ್ನು ಕೊಟ್ಟ.

"ಎಂಟು. ಖಾಲಿ ಆತು, ನೋಡು ಬೇ."

ಹ್ಯಾಂಡಲಿನ ಮೂರನೆಯ ಸುತ್ತಿಗೇ ಇಂಜಿನ್ನು ಚಾಲೂ ಆಯಿತು. ಸಂಗನಬಸವ ಕಿವಿಯಿಟ್ಟು, "ಮಸ್ತ್ ಐತಿ" ಎಂದ.

"ಟಕ್ ಅನ್ನಾಕತ್ತಿಲ್ಲೇನು?"

"ಇಲ್ಲ."

"ಇನ್ನೊಮ್ಮೆ ಕೇಳಪ್ಪ."

ಅವನು ಅವಳ ಮುಖ ನೋಡಿ, ಮತ್ತೊಮ್ಮೆ ಬಾಗಿದ.