ಕೆಮ್ಮಿಗೆ ದೊಡ್ಡಪತ್ರೆ

ಕಳಲೆಯ ನಮ್ಮ ಮನೆಯಲ್ಲಿ ಕೆಮ್ಮು ಬಂದರೆ ಕೊಟ್ಟಿಗೆಯ ಹಿಂದೆ ಹೋಗಿ ಕೆಮ್ಮಿ ಬರಬೇಕು. ಅತ್ತೆಯ ಕಿವಿಗೆ ಬಿತ್ತೋ, ಮುಗಿಯಿತು. ಹಿತ್ತಿಲಲ್ಲಿ ಸೊಂಪಾಗಿ ಬೆಳೆದ ದೊಡ್ಡಪತ್ರೆಯ ಎಲೆ ಕಿತ್ತು, ಬಿಸಿ ಕಾವಲಿಯ ಮೇಲೆ ಬಾಡಿಸಿ, ರಸವನ್ನು ನೇರವಾಗಿ ಬಾಯಿಗೇ ಹಿಂಡುತ್ತಾರೆ. ಮೈ ಕೆರೆದುಕೊಂಡರೂ ಅದೇ ಎಲೆ ಉಜ್ಜುತ್ತಾರೆ, ಹೊಟ್ಟೆ ಕೆಟ್ಟರೆ ಅದರದೇ ತಂಬುಳಿ. ತಂಬುಳಿಯೇನೋ ಸರಿ, ಆ ಘಾಟು ರಸ ಮಾತ್ರ ನನಗಾಗದು. ನಂಜನಗೂಡಿನ ಆಫೀಸಿಗೆ ಹೋಗುವ ಬಸ್ಸು ಹತ್ತಿದ ಮೇಲೇ ನಾನು ಹಾಯಾಗಿ ಕೆಮ್ಮುವುದು.

ಮೊನ್ನೆ ಭಾನುವಾರ ಅತ್ತೆಯೇ ಕೆಮ್ಮಿದರು. ಆ ದಿನಕ್ಕೇ ಕಾದಿದ್ದವಳಂತೆ ಓಡಿಹೋಗಿ ಎಲೆ ತಂದೆ. ಬಾಡಿಸಿ, ಲೋಟಕ್ಕೆ ಹಿಂಡಿ, ಒಂದು ತೊಟ್ಟೂ ಚೆಲ್ಲದಂತೆ ಅವರ ಮುಂದೆ ಹಿಡಿದೆ. ನನ್ನ ಗಂಡ, ಮೈದುನ, ಮಕ್ಕಳೆಲ್ಲ ನೋಡಲು ಸುತ್ತ ನಿಂತರು.

ಅತ್ತೆ ಲೋಟ ಮೂಸಿ ಮುಖ ಕಿವುಚಿದರು. "ನಂಗ್ಯಾಕವ್ವ ರಸ? ಅದು ನಿಮ್ಮಂಥ ಚಿಕ್ಕೋರ್ಗೆ. ನಂಗೆ ಅದೇ ಎಲೇಲಿ ಬಜ್ಜಿ ಮಾಡ್ಕೊಡು, ಕೆಮ್ಮು ತಾನಾಗೇ ಓಯ್ತದೆ."

ಇಷ್ಟು ವರ್ಷ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ ನೋಡಿ! ನನಗೆ ಹೊಟ್ಟೆ ಉರಿಯಿತು. ಆದರೂ ಕಡಲೆಹಿಟ್ಟು ಕಲಸಿ, ಎಲೆ ಅದ್ದಿ ಎಣ್ಣೆಗೆ ಬಿಟ್ಟೆ. ಮೊದಲ ಬಜ್ಜಿ ಅತ್ತೆಯ ತಟ್ಟೆಗೆ ಬಿದ್ದ ಕೂಡಲೇ ನನ್ನ ಗಂಡ ಕೆಮ್ಮಿದರು. ಅವರ ಹಿಂದೆಯೇ ಮೈದುನ, ಆಮೇಲೆ ಮಕ್ಕಳು. ಕೊಟ್ಟಿಗೆಯ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ಬಾಣಲೆ ಇಳಿಸುವ ಮೊದಲು ನಾನೂ ಅತ್ತೆಗೆ ಕೇಳುವಂತೆ ಜೋರಾಗಿ ಕೆಮ್ಮಿ, ನನ್ನ ಪಾಲು ಎತ್ತಿಟ್ಟುಕೊಂಡೆ.