ಇಪ್ಪತ್ತನಾಲ್ಕನೆಯ ಜೊತೆ

ಗುಣವಾಗಿ ಮನೆಗೆ ಹೊರಡುವ ರೋಗಿ ವೈದ್ಯರಿಗೆ ಕೈಮುಗಿಯುತ್ತಾನೆ, ದಾದಿಯರ ಕೈಗೆ ಹಣ್ಣಿನ ಬುಟ್ಟಿ ಕೊಡುತ್ತಾನೆ, ದೇವರಿಗೆ ಹೊತ್ತ ಹರಕೆ ತೀರಿಸುತ್ತಾನೆ. ತಾನು ಹನ್ನೆರಡು ದಿನ ಮಲಗಿದ್ದ ಮಂಚದ ಬಿಳಿ ಬಟ್ಟೆ ದಿನವೂ ಎಲ್ಲಿಗೆ ಹೋಗಿ ಎಲ್ಲಿಂದ ಮರಳಿ ಬರುತ್ತಿತ್ತೆಂದು ಮಾತ್ರ ಅವನು ಕೇಳುವುದಿಲ್ಲ. ಅದು ನೆಲಮಾಳಿಗೆಯ ಲಾಂಡ್ರಿಗೆ ಬರುತ್ತಿತ್ತು. ರಕ್ತ, ಕೀವು, ವಾಂತಿ, ಕಣ್ಣೀರು ಎಲ್ಲವನ್ನೂ ಹೊತ್ತು ಬರುತ್ತಿದ್ದ ಆ ಬಟ್ಟೆಯನ್ನು ಮೂವತ್ತಾರು ವರ್ಷ ತಮ್ಮ ಕೈಯಿಂದ ದಾಟಿಸಿದ, ಮಡಚುವ ಮೇಜಿನಿಂದ ಮೊದಲಾಗಿ ಯಂತ್ರಗಳ ಮೆಕ್ಯಾನಿಕ್ ಹುದ್ದೆಯವರೆಗೆ ಏರಿದ ನಮ್ಮ ಎಣಿಕೆಯಕ್ಕನವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಆಸ್ಪತ್ರೆಗಳ ಲಾಂಡ್ರಿ ಕೆಲಸವೆಂಬ, ಯಾವ ಪುಸ್ತಕವೂ ಮಾತಾಡದ ವೃತ್ತಿಯಲ್ಲಿ ಅವರ ಸ್ಥಾನ ಯಾವುದೆಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇಷ್ಟೇ: ಅವರಿಲ್ಲದಿದ್ದರೆ ನಾನು ಕೊಲೆಗಾರ್ತಿಯಾಗಿರುತ್ತಿದ್ದೆ.

ಅಭಿನಂದನ ಗ್ರಂಥದಲ್ಲಿ ಇಂಥ ಪದ ಬೇಡವೆಂದು ಸಂಪಾದಕರು ಅಂದರು. ಇರಲಿ ಎಂದು ನಾನು ಅಂದೆ. ಏಕೆಂಬುದನ್ನು ಓದುಗರೇ ತೀರ್ಮಾನಿಸಲಿ.

ನಾನು ಲಾಂಡ್ರಿಗೆ ಬಂದಾಗ ನನಗೆ ಇಪ್ಪತ್ತೆರಡು. ಇಸ್ತ್ರಿಯ ಬಿಸಿ ಉರುಳೆಗಳ ಮುಂದೆ ತಾತ್ಕಾಲಿಕ ಕೆಲಸ. ಮೊದಲ ದಿನವೇ ಎಣಿಕೆಯಕ್ಕನವರು ನನ್ನ ಜಡೆಯನ್ನು ಹಿಂದಿನಿಂದ ಹಿಡಿದು, ಎರಡು ಸುತ್ತು ಸುತ್ತಿ, ಟೋಪಿಯೊಳಗೆ ತುರುಕಿದರು. "ಉರುಳೆಗೆ ಜಡೆ ಅಂದ್ರೆ ಬಲು ಪ್ರೀತಿ ಕಣೇ. ಒಂದ್ಸಲ ಹಿಡ್ಕೊಂಡ್ರೆ ಬಿಡಲ್ಲ, ನಿನ್ನ ಗಂಡನಾದ್ರೂ ಬಿಟ್ಟಾನು" ಎಂದರು. ಮದುವೆಯಾಗಿರಲಿಲ್ಲವಾದ್ದರಿಂದ ನಾನು ನಾಚಿದೆ, ಜೊತೆಯವರು ನಕ್ಕರು. ಅಂದಿನಿಂದ ಇಂದಿನವರೆಗೆ ನನ್ನ ಕೂದಲು ನೆತ್ತಿಯ ಮೇಲೆಯೇ ಇದೆ.

ಅವರಿಗೆ ಆ ಹೆಸರು ಬಂದದ್ದು ಎಣಿಸುವ ಚಟದಿಂದ. ವಾರ್ಡಿನಿಂದ ಬಂದ ಗಂಟು ಬಿಚ್ಚುವ ಮುನ್ನ ಎಣಿಸುವರು, ಬಿಚ್ಚಿದ ಮೇಲೆ ಎಣಿಸುವರು. ಬಟ್ಟೆಯ ಮಡಿಕೆಯಲ್ಲಿ ಮರೆತುಹೋದ ಸೂಜಿಗಳನ್ನು ಚಿಮಟದಲ್ಲಿ ಹಿಡಿದು ಡಬ್ಬಿಗೆ ಹಾಕಿ, ಯಾವ ವಾರ್ಡಿನವು ಎಷ್ಟೆಂದು ಆ ವಾರ್ಡಿನ ಮುಖ್ಯ ದಾದಿಯ ಮುಂದೆಯೇ ಹೋಗಿ ನಿಲ್ಲುವರು. ಒಮ್ಮೆ ಹೊದಿಕೆಯೊಳಗಿಂದ ಕೃತಕ ಹಲ್ಲಿನ ಸೆಟ್ಟೊಂದು ಉದುರಿತು. ಅದನ್ನು ಅಂಗೈಯಲ್ಲಿಟ್ಟುಕೊಂಡು, "ಯಜಮಾನ್ರು ಮೇಲೆ ಅಳ್ತಿದ್ದಾರೋ ಏನೋ, ಹಲ್ಲು ಮಾತ್ರ ಇಲ್ಲಿ ನಗ್ತಾ ಇದೆ" ಎನ್ನುತ್ತ ಮೂರು ಮಹಡಿ ಹತ್ತಿ, ಹತ್ತೊಂಬತ್ತು ಮಂಚ ವಿಚಾರಿಸಿ, ಒಡೆಯನ ಬಾಯಿಗೇ ಸೇರಿಸಿ ಬಂದರು. ಊಟದ ಬಿಡುವು ಅಷ್ಟಕ್ಕೇ ಕಳೆದಿತ್ತು.

ಗುರುವಾರದ ಸಂಜೆಗಳಲ್ಲಿ ನಾವು ಕೆಲವರು ಒಗೆದ ಬಟ್ಟೆಯ ಉಗ್ರಾಣದಲ್ಲಿ ಸೇರಿ ಓದುತ್ತಿದ್ದೆವು. ಓದುಬಳಗವೆಂದು ಹೆಸರಿಟ್ಟುಕೊಂಡಿದ್ದೆವು. ದುಡಿಮೆ, ಶೋಷಣೆ, ಸಮಾನತೆ ಎಂಬ ಶಬ್ದಗಳು ಬಾಯಿಗೆ ಹೊಸ ಹಲ್ಲಿನಂತೆ ಬಂದಿದ್ದ ಕಾಲ ಅದು. ಎಣಿಕೆಯಕ್ಕನವರು ಬಂದು ಮೂಲೆಯಲ್ಲಿ ಕೂತು, ಕಳಚಿದ ಗುಂಡಿಗಳನ್ನು ಹೊಲಿಯುತ್ತ ಕೇಳುವರು. ಒಮ್ಮೆಯೂ ಬಾಯಿ ಬಿಡಲಿಲ್ಲ. ಅವರಿಗೆ ಅರ್ಥವಾಗುತ್ತಿಲ್ಲವೆಂದು ನಾನು ಬಹಳ ಕಾಲ ನಂಬಿದ್ದೆ.

ಈಗ ಹಬ್ಬಕ್ಕೆ ಬರುತ್ತೇನೆ.

ಆಯುಧಪೂಜೆಯೆಂದರೆ ಲಾಂಡ್ರಿಗೆ ವರ್ಷಕ್ಕೊಂದೇ ಸಂಭ್ರಮ. ಹಿಂದಿನ ದಿನ ಯಂತ್ರಗಳನ್ನೆಲ್ಲ ತಿಕ್ಕಿ ತೊಳೆದು, ಬೆಳಿಗ್ಗೆ ಅರಿಶಿನ ಕುಂಕುಮವಿಟ್ಟು, ಸ್ಪ್ಯಾನರು ಇಕ್ಕಳಗಳನ್ನು ಮಣೆಯ ಮೇಲೆ ಸಾಲಾಗಿರಿಸಿ ಹೂವೇರಿಸುತ್ತಿದ್ದೆವು. ಚಪ್ಪಲಿಯೆಲ್ಲ ಹೊಸ್ತಿಲಾಚೆ. ಆನೆಯೆಂದು ನಾವು ಕರೆಯುತ್ತಿದ್ದ ದೊಡ್ಡ ಒಗೆಯುವ ಯಂತ್ರಕ್ಕೆ ಅಗ್ರಪೂಜೆ. ಇನ್ನೂರು ಹಾಸುಬಟ್ಟೆಯನ್ನು ಒಂದೇ ತುತ್ತಿಗೆ ನುಂಗುವ ಉಕ್ಕಿನ ಡ್ರಮ್ಮು ಅದರ ಹೊಟ್ಟೆ, ಹೊರಗಿನಿಂದಷ್ಟೇ ಚಿಲಕ ಬೀಳುವ ದಪ್ಪ ಬಾಗಿಲು ಅದರ ಬಾಯಿ. ಮಂಗಳಾರತಿಯಾದ ಮೇಲೆ ಆಂಬುಲೆನ್ಸ್ ಚಾಲಕ ತಮಟೆ ಬಡಿಯುವನು, ಉಳಿದವರು ಆನೆಯ ಮುಂದೆ ಸುತ್ತುಗಟ್ಟಿ ಕೋಲಾಟ ಆಡುವರು; ಕುಣಿತ ಏರಿ ತಮಟೆ ಕೊನೆಯ ಪೆಟ್ಟಿಗೆ ಬಂದಾಗ ಹಸಿರು ಗುಂಡಿ ಒತ್ತಿ, ಯಂತ್ರವನ್ನು ಬಟ್ಟೆಯಿಲ್ಲದೆ ಒಂದು ಸುತ್ತು ತಿರುಗಿಸಬೇಕು. ಅದಕ್ಕೆ ಖಾಲಿ ಸುತ್ತು ಎಂದು ಹೆಸರು. ಖಾಲಿ ಸುತ್ತು ತಪ್ಪಿದರೆ ವರ್ಷವಿಡೀ ಅಪಘಾತವೆಂದು ನಂಬಿಕೆ.

ಆ ಗುಂಡಿಯನ್ನು ಪ್ರತಿವರ್ಷ ಒತ್ತುತ್ತಿದ್ದವರು ಮೇಲ್ವಿಚಾರಕ ಸಾಹೇಬರ ಹೆಂಡತಿ. ಬೆವರು ನಮ್ಮದು, ಗುಂಡಿ ಅವರದೇಕೆ ಎಂದು ಓದುಬಳಗದಲ್ಲಿ ಪ್ರಶ್ನೆ ಎತ್ತಿದವಳು ನಾನು. ಮನವಿ ಬರೆದೆ, ಸಹಿ ಹಾಕಿಸಿದೆ, ವಾದಿಸಿದೆ, ಗೆದ್ದೆ. ಹದಿನೇಳು ವರ್ಷದ ಹಿಂದಿನ ಆಯುಧಪೂಜೆಯಂದು ಮೊದಲ ಸಲ ದುಡಿಯುವವಳೊಬ್ಬಳು ಗುಂಡಿ ಒತ್ತುವುದೆಂದು ನಿಶ್ಚಯವಾಯಿತು. ಆ ದುಡಿಯುವವಳು ನಾನೇ. ಹೊಸ ಸೀರೆ ಉಟ್ಟು ಗುಂಡಿಯ ಪಕ್ಕದಲ್ಲಿ ನಿಂತಾಗ, ಲೋಕವೇ ಒಂದು ಅಂಗುಲ ನಮ್ಮ ಕಡೆ ವಾಲಿತೆಂದು ನನಗೆ ಅನ್ನಿಸಿತ್ತು.

ಆ ಬೆಳಿಗ್ಗೆ ಇನ್ನೊಂದು ಸಂಗತಿ ನಡೆದಿತ್ತು. ಲಾಂಡ್ರಿಯ ನೆಲ ಗುಡಿಸಲು ಗುತ್ತಿಗೆಯ ಮೇಲೆ ಬರುತ್ತಿದ್ದ, ಕಡ್ಡಿಯಂತಿದ್ದುದರಿಂದ ಸಣ್ಣಕ್ಕನೆಂದೇ ಹೆಸರಾಗಿದ್ದ ಹೆಂಗಸನ್ನು ಎಣಿಕೆಯಕ್ಕನವರು ಕುಣಿತಕ್ಕೆ ಕರೆದಿದ್ದರು. ಪೂಜೆಯ ದಿನ ಅವಳು ಮುಂಜಾನೆ ಗುಡಿಸಿ ಹೋಗುವುದು ರೂಢಿ. ಸುತ್ತಿನೊಳಗೆ ಅವಳನ್ನು ಯಾರೂ ಸೇರಿಸಿಕೊಂಡವರಲ್ಲ. ಬೇಡವೆಂದು ಯಾರೂ ಅಂದಿರಲಿಲ್ಲ, ಬಾ ಎಂದೂ ಅಂದಿರಲಿಲ್ಲ. ಸಮಾನತೆಯ ಮೇಲೆ ಮೂರು ಗುರುವಾರ ಮಾತಾಡಿದ್ದ ನನಗೂ ಅದು ಹೊಳೆದಿರಲಿಲ್ಲ.

"ನಂಗೆ ಬರಲ್ಲಕ್ಕ, ಕಾಲು ತಪ್ಪುತ್ತೆ" ಎಂದಿದ್ದಳಂತೆ ಸಣ್ಣಕ್ಕ.

"ನಂದೂ ತಪ್ಪುತ್ತೆ. ಇಬ್ರೂ ಸೇರಿ ತಪ್ಪೋಣ ಬಾ. ನನ್ನ ಜೋಡಿ ನೀನೇ" ಎಂದು ಎಣಿಕೆಯಕ್ಕನವರು ನಾಲ್ಕು ಕೋಲು ತಂದಿದ್ದರು.

ಆರತಿಯಾಯಿತು. ತಮಟೆ ಎದ್ದಿತು. ಎಂಟು ಜೋಡಿಗಳು ಸುತ್ತತೊಡಗಿದವು. ಧೂಪದ ಹೊಗೆಯಲ್ಲಿ ಕೋಲುಗಳ ಟಕಟಕ, ನೆಲದ ಮೇಲೆ ಬರಿಗಾಲುಗಳ ಧಪಧಪ. ಎಣಿಕೆಯಕ್ಕನವರು ಮಾತ್ರ ನಾಲ್ಕು ಕೋಲು ಹಿಡಿದು ಜೋಡಿಯಿಲ್ಲದೆ ಸುತ್ತಿನಂಚಿನಲ್ಲಿ ಹೆಜ್ಜೆ ಹಾಕುತ್ತ ಬಾಗಿಲ ಕಡೆ ನೋಡುತ್ತಿದ್ದರು. "ಅಕ್ಕಂಗೆ ಗಾಳಿ ಜೊತೆ ಕೋಲಾಟ!" ಎಂದು ಯಾರೋ ಕೂಗಿದರು. ನಾನೂ ನಕ್ಕೆ. ತಮಟೆ ಬಿರುಸಾಯಿತು. ಸಾಹೇಬರು ನನ್ನತ್ತ ತಲೆಯಾಡಿಸಿದರು. ನಾನು ಬೆರಳು ಮುಂದೆ ಮಾಡಿದೆ.

ನಾಲ್ಕು ಕೋಲುಗಳು ನೆಲಕ್ಕೆ ಬಿದ್ದ ಸದ್ದು ಕೇಳಿತು. ತಿರುಗಿದರೆ, ಎಣಿಕೆಯಕ್ಕನವರು ಕುಣಿಯುವವರನ್ನು ಸೀಳಿಕೊಂಡು ಓಡುತ್ತಿದ್ದರು; ಆರತಿ ತಟ್ಟೆಗೆ ಸೆರಗು ತಗುಲಿ ತಟ್ಟೆ ಉರುಳಿತು, ದೀಪ ಆರಿತು. ಗೋಡೆಯ ಮೇನ್ ಸ್ವಿಚ್ಚಿಗೆ ಇಳಿಬಿಟ್ಟಿದ್ದ ಹೂಮಾಲೆಯನ್ನು ಹರಿದು ಹಿಡಿಯನ್ನು ಕೆಳಕ್ಕೆಳೆದರು. ದೀಪಗಳೆಲ್ಲ ನಂದಿದವು; ಹೊಸ್ತಿಲ ಕಡೆಯಿಂದ ಬರುತ್ತಿದ್ದ ಹಗಲ ಬೆಳಕಷ್ಟೇ ಉಳಿಯಿತು.

ನಾನು ಗುಂಡಿ ಒತ್ತಿದೆ. ಬರೆಯಲೇಬೇಕಾದ ವಾಕ್ಯ ಇದು, ಆದ್ದರಿಂದ ಮತ್ತೊಮ್ಮೆ ಬರೆಯುತ್ತೇನೆ: ನಾನು ಗುಂಡಿ ಒತ್ತಿದೆ. ತಮಟೆಯ ಕೊನೆಯ ಪೆಟ್ಟಿಗೆ ಸರಿಯಾಗಿ ಒತ್ತಿದೆ. ಆನೆ ಅಲುಗಲಿಲ್ಲ.

"ಏನಕ್ಕ ಇದು, ಹಬ್ಬದ ದಿನ! ದೀಪ ಆರಿಸಿಬಿಟ್ರಲ್ಲ!" ಎಂದು ಎಲ್ಲರಿಗಿಂತ ಮೊದಲು ಕಿರುಚಿದವಳೂ ನಾನೇ.

ಎಣಿಕೆಯಕ್ಕನವರು ಹೊಸ್ತಿಲ ಕಡೆ ಬೆರಳು ಮಾಡಿದರು. "ಹೊರಗೆ ಇಪ್ಪತ್ತನಾಲ್ಕು ಜೊತೆ ಇದೆ. ಒಳಗೆ ಇಪ್ಪತ್ಮೂರೇ ಜನ. ಆ ನೀಲಿ ಹವಾಯಿ, ಪಿನ್ ಹಾಕಿರೋದು... ಸಣ್ಣಕ್ಕಂದು. ಅವ್ಳೆಲ್ಲಿ?"

ಸಾಹೇಬರ ಮುಖದಿಂದ ರಕ್ತವಿಳಿದುದನ್ನು ನಾನು ಕಣ್ಣಾರೆ ಕಂಡೆ. ಎಣಿಕೆಯಕ್ಕನವರು ಆನೆಯ ಬಾಯಿಂದ ಚೆಂಡುಹೂವಿನ ಹಾರವನ್ನು ಕಿತ್ತೆಸೆದು ಚಿಲಕ ಎತ್ತಿದರು.

ಸಣ್ಣಕ್ಕ ಒಳಗಿದ್ದಳು. ಮೊಣಕಾಲು ಎದೆಗೊತ್ತಿ, ಕೈಯಲ್ಲಿ ಒರೆಸುವ ಬಟ್ಟೆ ಹಿಡಿದು, ಡ್ರಮ್ಮಿನ ಬಾಗಿಗೆ ಬೆನ್ನು ಬಾಗಿಸಿ ಕೂತಿದ್ದಳು. ಬೆಳಕಿಗೆ ಕಣ್ಣು ಕಿರಿದು ಮಾಡಿ ಅವಳು ಕೇಳಿದ ಮಾತು ಹದಿನೇಳು ವರ್ಷದಿಂದ ನನ್ನ ಕಿವಿ ಬಿಟ್ಟು ಹೋಗಿಲ್ಲ:

"ಪೂಜೆ ಆಯ್ತಾ ಅಕ್ಕ? ಹೊರಗೆ ಬರ್ಬೋದಾ?"

ಅವಳು ಕೂಗಿರಲಿಲ್ಲ, ಬಾಗಿಲು ಬಡಿದಿರಲಿಲ್ಲ. ಡ್ರಮ್ಮಿನೊಳಗೂ ಫಳಫಳ ಹೊಳೆಯಬೇಕೆಂದು ಬೆಳಿಗ್ಗೆ ಅವಳನ್ನು ಒಳಗಿಳಿಸಿದವರು ಸಾಹೇಬರು. ಅಷ್ಟರಲ್ಲಿ ಮೇಲಿನ ಕಚೇರಿಯ ಅತಿಥಿಗಳು ಬಂದರು. ಒದ್ದೆ ಸೀರೆಯಲ್ಲಿ ಅವರೆದುರು ಬರಬೇಡ, ಪೂಜೆ ಮುಗಿಯುವವರೆಗೆ ಅಲ್ಲೇ ಇರು ಎಂದು ಹೇಳಿ ಹೋದವರು ಮರೆತರು. ಹೂವಿನ ಮಾಲಿ ಒಳಗೆ ಇಣುಕದೆ ಹಾರ ಹಾಕಲು ಬಾಗಿಲು ಮುಚ್ಚಿ ಚಿಲಕ ಇಳಿಸಿದ. ಚಿಲಕದ ಸದ್ದು ಅವಳಿಗೆ ಕೇಳಿತ್ತು. ಹೇಳಿದ್ದಾರಲ್ಲ, ಇರಬೇಕು ಎಂದುಕೊಂಡು ಕತ್ತಲಲ್ಲಿ ಇದ್ದಳು. ಒಬ್ಬ ಹೆಂಗಸಿಗೆ ಇಷ್ಟು ವಿಧೇಯತೆ ಕಲಿಸಲು ಎಷ್ಟು ತಲೆಮಾರು ಬೇಕಾಯಿತು ಎಂದು ಲೆಕ್ಕ ಹಾಕಲು ನನ್ನ ಓದು ಇಂದಿಗೂ ಸಾಲದು.

"ಮರ್ತೇ ಹೋಯ್ತು ಕಣ್ರೀ" ಎಂದರು ಸಾಹೇಬರು. ಛತ್ರಿ ಮರೆತವರ ಹಾಗೆ.

ಎಣಿಕೆಯಕ್ಕನವರು ಅವಳನ್ನು ಇಳಿಸಿ, ಮಡಚಿಟ್ಟ ಹೊಸ ಹಾಸುಬಟ್ಟೆಯೊಂದನ್ನು ಬಿಚ್ಚಿ ಹೊದಿಸಿದರು. ಆಮೇಲೆ ಗೋಡೆಗೊರಗಿ ಕೂತು, ನೆರೆದವರನ್ನೆಲ್ಲ ಮತ್ತೆ ಎಣಿಸಿದರು. ಇಪ್ಪತ್ತನಾಲ್ಕು ಬಂದ ಮೇಲೆಯೇ ಅವರು ಅತ್ತದ್ದು.

ಮರುವರ್ಷದಿಂದ ಒಂದು ಪದ್ಧತಿ ಬಂತು. ಪೂಜೆಯ ದಿನ ಆನೆಯ ಬಾಗಿಲನ್ನು ಹಗ್ಗದಿಂದ ತೆರೆದು ಕಟ್ಟಿಡುವುದು; ಹೊಸ್ತಿಲಲ್ಲಿ ಚಪ್ಪಲಿಯೂ ಸುತ್ತಿನಲ್ಲಿ ತಲೆಯೂ ಸಮವಾದ ಮೇಲೆ ಬಾಗಿಲು ಹಾಕಿ ಖಾಲಿ ಸುತ್ತು. ಇದನ್ನು ಯಾರೂ ಆದೇಶವೆಂದು ಹೊರಡಿಸಲಿಲ್ಲ. ಅವರು ಹೊಸ್ತಿಲಲ್ಲಿ ಹೋಗಿ ನಿಂತರು, ಅಷ್ಟೇ. ಆ ಹದಿನಾರು ಹಬ್ಬಗಳಲ್ಲೂ ಸಣ್ಣಕ್ಕ ಅವರ ಜೋಡಿಯಾಗಿ ಕುಣಿದಿದ್ದಾಳೆ. ಇಬ್ಬರ ಕಾಲೂ ತಪ್ಪುತ್ತದೆ.

ಲೇಖನವನ್ನು ಇಲ್ಲಿಗೆ ಮುಗಿಸಬೇಕೆಂದಿದ್ದೆ. ಆದರೆ ಕಳೆದ ವಾರ, ಸೇವೆಯ ವಿವರಗಳು ಸರಿಯಾಗಿರಲೆಂದು, ಸಂಪಾದಕ ಸಮಿತಿಯವರು ಅವರ ಒಪ್ಪಿಗೆಯಿಂದಲೇ ಸೇವಾ ಕಡತವನ್ನು ನನ್ನ ಕೈಗಿತ್ತರು. ಮೂವತ್ತಾರು ವರ್ಷದ ಕಡತದಲ್ಲಿ ಮೆಚ್ಚುಗೆಯ ಒಂದು ಸಾಲೂ ಇಲ್ಲ. ಇರುವುದು ಒಂದು ಎಚ್ಚರಿಕೆ ಪತ್ರ. "ಹಬ್ಬದ ಸಂದರ್ಭದಲ್ಲಿ ಅನುಚಿತ ವರ್ತನೆ ತೋರಿ, ಅತಿಥಿಗಳ ಸಮ್ಮುಖದಲ್ಲಿ ವಿದ್ಯುತ್ ಕಡಿತಗೊಳಿಸಿ ಪೂಜೆಗೆ ಭಂಗ ತಂದಿದ್ದಕ್ಕಾಗಿ." ಡ್ರಮ್ಮಿನ ಮಾತಿಲ್ಲ. ಸಣ್ಣಕ್ಕನ ಸುಳಿವಿಲ್ಲ. ಕೆಳಗೆ ಸಾಕ್ಷಿಯ ಸಹಿ ಒಂದೇ ಒಂದು. ನನ್ನದು.

ಮರೆತಿದ್ದೆನೇ? ಮರೆಯಲು ಬೇಕಾದಷ್ಟು ಕೆಲಸ ಮಾಡಿಕೊಂಡಿದ್ದೆ. ಹಬ್ಬದ ಮರುದಿನ ಸಾಹೇಬರು ಕರೆದು, ಮೇನ್ ಸ್ವಿಚ್ ಆರಿಸಿದ್ದು ನಿಜ ತಾನೇ ಎಂದು ಕೇಳಿದ್ದರು. ನಿಜವಾಗಿತ್ತು. ನನ್ನ ಕೆಲಸ ಕಾಯಮಾಗಲು ಮೂರು ತಿಂಗಳಿತ್ತು. ಸಹಿ ಹಾಕಿದೆ. ಆ ಗುರುವಾರ ಓದುಬಳಗದಲ್ಲಿ ದುಡಿಯುವವರ ಒಗ್ಗಟ್ಟಿನ ಬಗ್ಗೆ ಗಟ್ಟಿ ದನಿಯಲ್ಲಿ ಓದಿದವಳೂ ನಾನೇ, ಮೂಲೆಯಲ್ಲಿ ಗುಂಡಿ ಹೊಲಿಯುತ್ತ ಕೇಳಿದವರು ಅವರೇ.

ಅವರ ಮನೆಗೆ ಹೋದೆ. ಅಡುಗೆಮನೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದರು. ಪತ್ರ ಮುಂದಿಟ್ಟೆ.

"ಗೊತ್ತು ಕಣೇ. ನಿನ್ನ ದುಂಡಕ್ಷರ ಯಾರಿಗ್ ಗೊತ್ತಾಗಲ್ಲ?"

"ಮತ್ತೆ ಒಂದ್ಸಲನಾದ್ರೂ ಯಾಕ್ ಕೇಳ್ಲಿಲ್ಲ ಅಕ್ಕ?"

"ಕೇಳಿದ್ರೆ ನೀನು ಗುರುವಾರ ಬರೋದ್ ನಿಲ್ಲಿಸ್ತಿದ್ದೆ. ಓದೋರು ಆಗ್ಲೇ ಆರೇ ಜನ ಇದ್ರಿ. ಅದ್ರಲ್ಲೂ ಒಬ್ರು ಕಮ್ಮಿ ಆಗೋದ್ ನಂಗಿಷ್ಟ ಇರ್ಲಿಲ್ಲ." ಸೌತೆಕಾಯಿಯ ಹೋಳೊಂದನ್ನು ನನ್ನ ಕೈಗಿಟ್ಟರು. "ತಿನ್ನು. ಅಳ್ತಾ ತಿಂದ್ರೆ ಉಪ್ಪು ಬೇಕಾಗಲ್ಲ."

ನನ್ನನ್ನೂ ಅವರು ಎಣಿಕೆಯಿಂದ ಬಿಟ್ಟಿರಲಿಲ್ಲ.

ಆ ಸಾಕ್ಷಿಯನ್ನು ಹಿಂತೆಗೆದುಕೊಂಡು, ಅಂದು ಡ್ರಮ್ಮಿನೊಳಗೆ ಯಾರಿದ್ದರು, ಗುಂಡಿ ಒತ್ತಿದವರು ಯಾರು, ಉಳಿಸಿದವರು ಯಾರು ಎಂಬುದನ್ನು ಬರೆದು ಆಡಳಿತಕ್ಕೆ ಕೊಟ್ಟಿದ್ದೇನೆ. ನನ್ನ ಜೊತೆ ಇಪ್ಪತ್ತೊಂದು ಜನರ ಸಹಿಯಿದೆ. ಮೊದಲನೆಯದು ಸಣ್ಣಕ್ಕನ ಹೆಬ್ಬೆರಳು. ಎಚ್ಚರಿಕೆ ಪತ್ರ ಕಡತದಿಂದ ಹೊರಬೀಳದೆ ಬೀಳ್ಕೊಡುಗೆಯ ಹಾರವನ್ನು ಆಡಳಿತದ ಯಾವ ಕೈಯೂ ಅವರ ಕೊರಳಿಗೆ ಹಾಕಕೂಡದೆಂದೂ ಬರೆದಿದ್ದೇವೆ. ಉತ್ತರ ಬಂದಿಲ್ಲ. ಬರುವವರೆಗೆ ಆ ಎಚ್ಚರಿಕೆ ಪತ್ರದ ನಕಲು ಈ ಗ್ರಂಥದ ಮುಂದಿನ ಪುಟದಲ್ಲಿ ಇರುತ್ತದೆ, ನನ್ನ ಸಹಿಸಮೇತ.

ಅಕ್ಕಾ, ಈ ಸಲದ ಆಯುಧಪೂಜೆ ತಮ್ಮ ನಿವೃತ್ತಿಯ ಹದಿನೆಂಟು ದಿನಗಳ ಮೇಲೆ ಬರುತ್ತದೆ. ಗುಂಡಿ ಒತ್ತುವವಳು ಸಣ್ಣಕ್ಕ. ತಮ್ಮ ಕಣ್ಣು ಚುರುಕಾಗಿ, ಮಂಡಿ ಗಟ್ಟಿಯಾಗಿ, ನೂರು ಹಬ್ಬ ಕಾಣುವ ಆಯುಸ್ಸು ತಮ್ಮದಾಗಲಿ; ಕಡತದಲ್ಲಿ ತಾವು ನಿವೃತ್ತರು, ಎಣಿಕೆಯಿಂದ ಅಲ್ಲ. ನಾಲ್ಕು ಕೋಲು ತೆಗೆದಿಟ್ಟಿದ್ದೇವೆ. ಆನೆಯ ಬಾಗಿಲು ಹಗ್ಗದಲ್ಲಿ ಕಟ್ಟಿರುತ್ತದೆ, ತಮಟೆ ಕಾಯುತ್ತಿರುತ್ತದೆ; ಹೊಸ್ತಿಲಾಚೆ ತಮ್ಮ ಚಪ್ಪಲಿ ಕಾಣುವವರೆಗೆ ಯಾರ ಬೆರಳೂ ಮುಂದೆ ಹೋಗುವುದಿಲ್ಲ.