ವಾರಗಿತ್ತಿಯ ತೆಳ್ಳನೆಯ ಅಕ್ಷರ

ನನ್ನ ವಾರಗಿತ್ತಿಯ ಕೈಬರಹ ತೆಳ್ಳಗೆ, ಉದ್ದಕ್ಕೆ, ಸ್ವಲ್ಪ ಬಲಕ್ಕೆ ವಾಲಿಕೊಂಡಿರುತ್ತದೆ. ಮೈದುನನ ಕೈ ಹಿಡಿದು ಮನೆಗೆ ಬಂದ ವಾರದಲ್ಲೇ ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಬರೆದು ಅಂಟಿಸಿದಳು. "ಏನು ಮುದ್ದಾಗಿದೆಯಮ್ಮ!" ಎಂದು ಅತ್ತೆ ಹಾಡಿ ಹೊಗಳಿದರು. ಹದಿನಾರು ವರ್ಷದಿಂದ ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ನನಗೆ ಅವರು ಒಂದು ದಿನವೂ ಹಾಗೆಂದವರಲ್ಲ. ಹೊಟ್ಟೆ ಉರಿಯಿತು. ಇದರಲ್ಲಿ ಮುಚ್ಚುಮರೆ ಏನು?

ಅಷ್ಟಕ್ಕೇ ನಿಲ್ಲಲಿಲ್ಲ. ನನ್ನ ಊಟದ ಡಬ್ಬಿಗೆ ಅವಳು ಅಂಟಿಸಿದ್ದ ಚೀಟಿ ಪ್ರೆಸ್ಸಿನ ಯಜಮಾನರ ಕಣ್ಣಿಗೆ ಬಿತ್ತು. ಅವಳಿಂದ ಇಡೀ ಅಕ್ಷರಮಾಲೆ ಬರೆಸಿ ಫಾಂಟೇ ಮಾಡಿಸಿಬಿಟ್ಟರು. 'ಎಳೆ' ಎಂದು ಅದಕ್ಕೆ ಹೆಸರು. ಬಂದ ಗಿರಾಕಿಗಳೆಲ್ಲ "ಅದೇ ಬೇಕು" ಎನ್ನತೊಡಗಿದರು. ಅವಳ ಅಕ್ಷರವನ್ನು ದಿನವಿಡೀ ಕುಟ್ಟುವ ಕೆಲಸ ನನ್ನ ಪಾಲಿಗೆ ಬಂತು.

ಕುಟ್ಟಿ ಕುಟ್ಟಿ ಅದರ ಗುಣದೋಷ ನನಗೆ ಬಾಯಿಪಾಠವಾಯಿತು. ಬಿಳಿ ಕಾಗದದ ಮೇಲೆ ಸುತ್ತ ಜಾಗ ಬಿಟ್ಟು ಒಂದು ಹೆಸರು, ಹೆಚ್ಚೆಂದರೆ ಎರಡು ಸಾಲು ಇಟ್ಟರೆ ಯಾರೋ ನಮಗಾಗಿಯೇ ಕೂತು ಬರೆದಂತೆ ಕಾಣುತ್ತದೆ. ಪುಟಗಟ್ಟಲೆ ತುಂಬಿದರೆ ಕಣ್ಣು ನೋಯುತ್ತದೆ. ಗಾಢ ಬಣ್ಣದ ನಡುವೆ ಬಿಳಿಯಾಗಿ ಬಿಟ್ಟರೆ ಮಸಿ ಹರಡಿ ಅದನ್ನು ನುಂಗಿಬಿಡುತ್ತದೆ. ಹತ್ತು ಹೆಜ್ಜೆ ದೂರ ಹೋದರೆ ಅದು ಇಲ್ಲವೇ ಇಲ್ಲ.

ಅವಳು ಹೊಲಿಗೆ ಅಂಗಡಿ ತೆರೆಯುವಾಗ ಬೋರ್ಡಿಗೂ ಅದೇ ಅಕ್ಷರ ಕೇಳಿದಳು. "ಅಕ್ಕ, ಕಡುನೀಲಿ ಮೇಲೆ ಬಿಳಿ ಅಕ್ಷರ, ಚೆನ್ನಾಗಿರುತ್ತೆ ಅಲ್ವಾ?" ನಾನು ತುಟಿಪಿಟಕ್ಕೆನ್ನದೆ ಮಾಡಿಕೊಟ್ಟೆ. ಇವಳ ಚಂದ ಎಷ್ಟು ದಿನ ನಡೆಯುತ್ತದೋ ನೋಡೋಣ ಎಂದು ಒಳಗೊಳಗೇ ಹಿಗ್ಗಿದೆ.

ಎರಡು ತಿಂಗಳಾದರೂ ಅಂಗಡಿಗೆ ಜನ ಬರಲಿಲ್ಲ. ರಸ್ತೆಯ ಆಚೆ ನಿಂತವರಿಗೆ ಅಲ್ಲಿ ಕಾಣುವುದು ಬರೀ ನೀಲಿ ಹಲಗೆ. ಒಂದು ಸಂಜೆ ನಾನು ಹೋದಾಗ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಸುಮ್ಮನೆ ಕೂತಿದ್ದಳು. ಮಷಿನ್ನಿನ ಮೇಲೆ ಹೊದಿಕೆ ಹಾಕಿತ್ತು.

"ಇನ್ನು ಹದಿನೈದು ದಿನ ನೋಡ್ತೀನಿ ಅಕ್ಕ, ಆಮೇಲೆ ಮುಚ್ಚಿಬಿಡ್ತೀನಿ."

"ಬೋರ್ಡು ಕಾಣ್ಸಲ್ಲ ಅಂತ ಯಾರೂ ಹೇಳ್ಲಿಲ್ವಾ?" ಎಂದು ನನ್ನ ಬಾಯಿಂದಲೇ ಬಂತು.

"ಎಲ್ರೂ ಹೇಳಿದ್ರು. ಅಕ್ಕನೇ ಮಾಡ್ಕೊಟ್ಟಿದ್ದು, ಸರಿ ಇಲ್ದಿದ್ರೆ ಅವರೇ ಹೇಳ್ತಿದ್ರು ಅಂತ ನಾನೇ ಅವ್ರ ಬಾಯಿ ಮುಚ್ಚಿಸ್ದೆ."

ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮರುದಿನವೇ ಹಳದಿಯ ಮೇಲೆ ಕಪ್ಪು, ದಪ್ಪ ಅಕ್ಷರದ ಬೋರ್ಡು ಹಾಕಿಸಿದೆ. ಬಸ್ಸಿನಲ್ಲಿ ಕೂತವರೂ ಓದಬಹುದು. 'ಎಳೆ'ಯನ್ನು ಹೊಲಿದ ಬಟ್ಟೆಗೆ ಪಿನ್ನು ಹಾಕುವ ಬಿಳಿ ಚೀಟಿಗೆ ಇಟ್ಟೆ. ಗಿರಾಕಿಯ ಹೆಸರು ಮಾತ್ರ, ಸುತ್ತ ಬೇಕಾದಷ್ಟು ಜಾಗ. ಈಗ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ.

ಮೊನ್ನೆ ನಾನು ಅಲ್ಲಿದ್ದಾಗ ಗಿರಾಕಿಯೊಬ್ಬಳು ಆ ಚೀಟಿಯನ್ನು ಬಿಚ್ಚಿ ಪರ್ಸಿನಲ್ಲಿಟ್ಟುಕೊಂಡಳು. "ಎಷ್ಟು ಮುದ್ದಾಗಿದೆ! ಯಾರ ಅಕ್ಷರ ಇದು?" ಬೋರ್ಡು ಓದಿಕೊಂಡೇ ಒಳಗೆ ಬಂದವಳು, ಅದನ್ನು ಮಾಡಿದ್ದು ಯಾರೆಂದು ಕೇಳಲಿಲ್ಲ ನೋಡಿ! ಹೊಟ್ಟೆ ಮತ್ತೆ ಉರಿಯಿತು. ಆದರೂ ಮಷಿನ್ನಿನ ಮುಂದೆ ಕೂತಿದ್ದ ಇವಳು ಬಾಯಿ ಬಿಡುವ ಮೊದಲು ನಾನೇ ಹೇಳಿದೆ:

"ನಮ್ಮ ವಾರಗಿತ್ತೀದು."